ಅರ್ಧ ವಾಟಿನ ಗಿಟಾರ್ ಆಂಪ್ಲಿಫೈಯರ್

ವಿದ್ಯುತ್ ಗಿಟಾರಿನ ಒಡಲು ಸಾಮಾನ್ಯವಾಗಿ ಗಟ್ಟಿ ಮರದ್ದು. ವೀಣೆಯ ಕೊಡದಲ್ಲಿ, ಪಿಟೀಲಿನ ಒಡಲಿನಲ್ಲಿ ಇರುವಂಥ, ತಂತಿಯ ನಾದವನ್ನು ತುಂಬಿಕೊಂಡು ಹೊರಗೆ ಹರಡುವ ಪೊಳ್ಳು ಅದಕ್ಕಿಲ್ಲ. ತಂತಿಯ ಕಂಪನವನ್ನು ಪಿಕಪ್ ಎಂಬ ಭಾಗವು ಸಣ್ಣ ವಿದ್ಯುತ್ ಸಂಕೇತವಾಗಿ ಮಾರ್ಪಡಿಸಿ, ಆ ಸಂಕೇತವನ್ನು ಆಂಪ್ಲಿಫೈಯರ್ ದೊಡ್ಡದು ಮಾಡಿ, ಸ್ಪೀಕರ್ ಅದನ್ನು ಮತ್ತೆ ಗಾಳಿಯ ಕಂಪನವಾಗಿಸಿದಾಗಲೇ ಆ ವಾದನ ಕೋಣೆಯಲ್ಲಿ ಚೆನ್ನಾಗಿ ಕೇಳಿಸುತ್ತದೆ. ಹೀಗಾಗಿ ಆಂಪ್ಲಿಫೈಯರನ್ನು ಹೊರಗಿನಿಂದ ಸೇರಿಸಿದ ಸಲಕರಣೆ ಎನ್ನುವುದಕ್ಕಿಂತ ವಾದ್ಯದ ಇನ್ನರ್ಧ ಎನ್ನುವುದೇ ಸರಿ. ದೊಡ್ಡ ಸಭೆಗಳಿಗೆಂದು ತಯಾರಾಗುವ 50 ಅಥವಾ 100 ವಾಟಿನ ಆಂಪ್ಲಿಫೈಯರುಗಳು ಗಿಟಾರಿನ ಪ್ರಪಂಚದಲ್ಲಿ ಹೆಸರು ಮಾಡಿವೆಯಾದರೂ, ನಿತ್ಯದ ಸಾಧನೆ ನಡೆಯುವುದು ಹತ್ತು ಹನ್ನೆರಡು ಅಡಿಯ ಕೋಣೆಯಲ್ಲಿ, ಗೋಡೆಯಾಚೆ ನೆರೆಯವರಿರುವ ಮನೆಯಲ್ಲಿ. ಅಲ್ಲಿಗೆ ಅರ್ಧ ವಾಟು ಸಾಕು ಎಂಬುದನ್ನೂ, ಅಷ್ಟು ಶಕ್ತಿಯ ಆಂಪ್ಲಿಫೈಯರನ್ನು ಬೆಸುಗೆ ಹಾಕಬಲ್ಲ ಯಾರಾದರೂ ಮನೆಯಲ್ಲೇ ಕಟ್ಟಿಕೊಳ್ಳಬಹುದು ಎಂಬುದನ್ನೂ, ಕಟ್ಟುವಾಗ ವಾಟುಗಳಿಗಿಂತ ಹೆಚ್ಚು ಗಮನ ಸಲ್ಲಬೇಕಾದದ್ದು ಗಿಟಾರು ಸರ್ಕ್ಯೂಟನ್ನು ಸೇರುವ ಮೊದಲ ತುದಿಗೂ ಸ್ಪೀಕರ್ ಇರುವ ಕೊನೆಯ ತುದಿಗೂ ಎಂಬುದನ್ನೂ ವಿವರಿಸುವುದು ಈ ಭಾಷಣದ ಉದ್ದೇಶ.

ಗಿಟಾರ್ ಆಂಪ್ಲಿಫೈಯರ್ ಹುಟ್ಟಿದ್ದು ರೇಡಿಯೊದ ಮನೆಯಲ್ಲಿ. ಜಾರ್ಜ್ ಬೀಚಮ್ ಮತ್ತು ಅಡಾಲ್ಫ್ ರಿಕನ್‌ಬ್ಯಾಕರ್ ಅವರ ವಿದ್ಯುತ್ ಗಿಟಾರು 1932ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದಾಗ ಅದಕ್ಕೆ ದನಿ ಕೊಟ್ಟದ್ದು ಅಂದಿನ ರೇಡಿಯೊ ಸೆಟ್ಟುಗಳ ವಾಲ್ವುಗಳೆಂಬ ನಿರ್ವಾತ ನಳಿಕೆಗಳೂ ಸ್ಪೀಕರುಗಳೂ. ಮುಂದೆ ಈ ಕ್ಷೇತ್ರಕ್ಕೆ ದೊಡ್ಡ ಹೆಸರಾದ ಲಿಯೋ ಫೆಂಡರ್ ಕೂಡ ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದವರೇ. ಅವರ ಕಂಪನಿ ಕಲಿಯುವವರಿಗೆಂದು ತಯಾರಿಸಿದ ಚಾಂಪ್ ಎಂಬ ಆಂಪ್ಲಿಫೈಯರಿನ ಶಕ್ತಿ ಸುಮಾರು 5 ವಾಟು ಮಾತ್ರ. ಆದರೂ 1970ರಲ್ಲಿ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ‘ಲೈಲಾ’ ಧ್ವನಿಮುದ್ರಣದಲ್ಲಿ ಬಳಸಿದ್ದು ಆ ಪುಟ್ಟ ಚಾಂಪನ್ನೇ. ಅದಕ್ಕೂ ಮೊದಲು, 1964ರಲ್ಲಿ, ಇಂಗ್ಲೆಂಡಿನ ಕಿಂಕ್ಸ್ ತಂಡದ ಡೇವ್ ಡೇವೀಸ್ ಒಂದು ಅಗ್ಗದ ಸಣ್ಣ ಆಂಪ್ಲಿಫೈಯರಿನ ಸ್ಪೀಕರ್ ಕಾಗದವನ್ನು ಬ್ಲೇಡಿನಿಂದ ಸೀಳಿ, ಅದರಿಂದ ಹೊರಟ ಒರಟು ದನಿಯನ್ನೇ ತಂಡದ ಗುರುತಾಗಿಸಿದರು. ಒಳ್ಳೆಯ ದನಿಗೂ ದೊಡ್ಡ ವಾಟಿಗೂ ಅನಿವಾರ್ಯ ನಂಟಿಲ್ಲ ಎಂಬುದಕ್ಕೆ ಧ್ವನಿಮುದ್ರಣದ ಇತಿಹಾಸವೇ ಸಾಕ್ಷಿ. ದೊಡ್ಡ ಆಂಪ್ಲಿಫೈಯರುಗಳು ಬಂದದ್ದು ಸಭೆಗಳು ಬೆಳೆದು, ಕೊನೆಯ ಸಾಲಿನವರಿಗೂ ಗಿಟಾರು ಕೇಳಿಸಬೇಕಾದಾಗ.

ವಾಟು ಎಂಬುದು ಶಕ್ತಿಯ ಅಳತೆ, ಕಿವಿಗೆ ತಿಳಿಯುವ ಗಟ್ಟಿತನದ ಅಳತೆಯಲ್ಲ. ಮನುಷ್ಯನ ಕಿವಿಗೆ ಸದ್ದು ಎರಡರಷ್ಟು ಗಟ್ಟಿಯಾಯಿತೆಂದು ಅನಿಸಬೇಕಾದರೆ ಶಕ್ತಿಯನ್ನು ಸುಮಾರು ಹತ್ತು ಪಟ್ಟು ಹೆಚ್ಚಿಸಬೇಕಾಗುತ್ತದೆ. ಶಬ್ದದ ಮಟ್ಟವನ್ನು ಅಳೆಯುವ ಡೆಸಿಬೆಲ್ ಎಂಬ ಮಾನದಲ್ಲಿ ಇದು 10 ಡೆಸಿಬೆಲ್‌ಗಳ ಏರಿಕೆ. ಆ ಲೆಕ್ಕದಲ್ಲಿ 50 ವಾಟಿನ ಆಂಪ್ಲಿಫೈಯರು ಅರ್ಧ ವಾಟಿನದಕ್ಕಿಂತ ನೂರು ಪಟ್ಟು ಗಟ್ಟಿಯಲ್ಲ, ಸುಮಾರು ನಾಲ್ಕು ಪಟ್ಟು ಮಾತ್ರ ಗಟ್ಟಿ. ಇದಕ್ಕಿಂತಲೂ ಮುಖ್ಯವಾದದ್ದು ಸ್ಪೀಕರಿನ ಸಂವೇದನಶೀಲತೆ, ಅಂದರೆ ಒಂದು ವಾಟು ಕೊಟ್ಟಾಗ ಒಂದು ಮೀಟರು ದೂರದಲ್ಲಿ ಆ ಸ್ಪೀಕರು ಎಷ್ಟು ಡೆಸಿಬೆಲ್ ಸದ್ದು ಮಾಡುತ್ತದೆ ಎಂಬ ಅಂಕಿ. ಗಿಟಾರಿಗೆಂದೇ ತಯಾರಿಸಿದ 12 ಅಂಗುಲದ ಸ್ಪೀಕರಿನಲ್ಲಿ ಈ ಅಂಕಿ 97ರ ಆಸುಪಾಸಿನಲ್ಲಿರುವುದು ಸಾಮಾನ್ಯ; ಆಟಿಕೆ ರೇಡಿಯೊಗಳ ಪುಟ್ಟ ಸ್ಪೀಕರಿನಲ್ಲಿ ಅದು 84ರಷ್ಟೇ ಇರಬಹುದು. ಅರ್ಧ ವಾಟನ್ನು ಮೊದಲನೆಯದಕ್ಕೆ ಕೊಟ್ಟರೆ 94 ಡೆಸಿಬೆಲ್, 5 ವಾಟನ್ನು ಎರಡನೆಯದಕ್ಕೆ ಕೊಟ್ಟರೆ 91 ಡೆಸಿಬೆಲ್. ಹತ್ತರಲ್ಲೊಂದು ಭಾಗದ ಶಕ್ತಿ ಹೆಚ್ಚಿನ ಸದ್ದು ಮಾಡಿತು. ಕೆಲಸದ ಸ್ಥಳಗಳಲ್ಲಿ ಶ್ರವಣ ಕೆಡದಂತೆ ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆ ಸೂಚಿಸಿರುವ ಮಿತಿ 85 ಡೆಸಿಬೆಲ್‌ಗೆ ದಿನಕ್ಕೆ ಎಂಟು ಗಂಟೆ, ಪ್ರತಿ 3 ಡೆಸಿಬೆಲ್ ಏರಿಕೆಗೂ ಅದರ ಅರ್ಧ. ಹಾಗಾದರೆ 94 ಡೆಸಿಬೆಲ್‌ಗೆ ಸಿಗುವ ಅವಧಿ ಒಂದೇ ಗಂಟೆ. ದಿನಕ್ಕೆ ಮೂರು ನಾಲ್ಕು ಗಂಟೆ ಸಾಧನೆ ಮಾಡುವವರಿಗೆ ಅರ್ಧ ವಾಟು ಕಡಿಮೆಯಾಗುವುದಿರಲಿ, ಒಳ್ಳೆಯ ಸ್ಪೀಕರಿನೊಡನೆ ಅದನ್ನೂ ಪೂರ್ತಿ ತಿರುಗಿಸದಿರುವುದೇ ಕಿವಿಗೆ ಕ್ಷೇಮ.

ಇಷ್ಟು ಶಕ್ತಿಗೆ ಯಾವ ಸಾಧನ ತಕ್ಕುದು ಎಂಬುದು ಮುಂದಿನ ಪ್ರಶ್ನೆ. ವಾಲ್ವಿನ ದನಿಗೆ ಮನಸೋತವರು ಮೊದಲಿಗೇ ವಾಲ್ವ್ ಆಂಪ್ಲಿಫೈಯರ್ ಕಟ್ಟಲು ಹೊರಡುವುದುಂಟು. ಆದರೆ ಅದರೊಳಗೆ 300 ವೋಲ್ಟಿಗೂ ಮೀರಿದ ವಿದ್ಯುತ್ತು ಓಡಾಡುತ್ತಿರುತ್ತದೆ, ಸ್ವಿಚ್ ಆರಿಸಿದ ಮೇಲೂ ಅದರ ಕೆಪಾಸಿಟರುಗಳು ಪ್ರಾಣ ತೆಗೆಯುವಷ್ಟು ವಿದ್ಯುದಂಶವನ್ನು ಹಿಡಿದಿಟ್ಟುಕೊಂಡಿರಬಲ್ಲವು. ಮೊದಲ ಬಾರಿಗೆ ಬೆಸುಗೆ ಹಿಡಿಯುವವರು ಅದರ ತಂಟೆಗೆ ಹೋಗಬಾರದು. ಅವರಿಗೆ ತಕ್ಕುದು ಎಲ್‌ಎಂ386 ಎಂಬ ಎಂಟು ಪಿನ್ನುಗಳ ಐಸಿ, ಅಂದರೆ ಹಲವು ಟ್ರಾನ್ಸಿಸ್ಟರುಗಳನ್ನು ಒಂದೇ ಸಿಲಿಕಾನ್ ಚೂರಿನ ಮೇಲೆ ಅಳವಡಿಸಿದ ಬಿಡಿಭಾಗ. ನ್ಯಾಷನಲ್ ಸೆಮಿಕಂಡಕ್ಟರ್ ಕಂಪನಿ ರೂಪಿಸಿದ ಈ ಐಸಿ, ಆ ಕಂಪನಿಯನ್ನು 2011ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಕೊಂಡ ನಂತರವೂ ಬಳಕೆಯಲ್ಲಿ ಉಳಿದಿದೆ. 9 ವೋಲ್ಟಿನ ಬ್ಯಾಟರಿಯಿಂದ ನಡೆಯುತ್ತದೆ, ಸುಮ್ಮನಿದ್ದಾಗ 4 ಮಿಲಿಆಂಪಿಯರಿನಷ್ಟೇ ವಿದ್ಯುತ್ತನ್ನು ಎಳೆಯುತ್ತದೆ, 8 ಓಮ್ ಸ್ಪೀಕರಿಗೆ ಸುಮಾರು ಅರ್ಧ ವಾಟು ಕೊಡುತ್ತದೆ. ಇದರಲ್ಲಿ ಮುಟ್ಟಿದರೆ ಅಪಾಯವಾಗುವಂಥ ವೋಲ್ಟೇಜು ಎಲ್ಲಿಯೂ ಇಲ್ಲದಿರುವುದು ಕಲಿಯುವವರಿಗೆ ದೊಡ್ಡ ಧೈರ್ಯ.

ಆದರೆ ಗಿಟಾರಿನ ವಯರನ್ನು ನೇರವಾಗಿ ಈ ಐಸಿಗೆ ಜೋಡಿಸಿದರೆ ದನಿ ಮಂಕಾಗುತ್ತದೆ. ಮನೆಯಲ್ಲಿ ಕಟ್ಟಿದ ಎಷ್ಟೋ ಆಂಪ್ಲಿಫೈಯರುಗಳು ನಿರಾಸೆ ತರುವುದು ಇಲ್ಲಿಯೇ. ಕಾರಣ ಪಿಕಪ್ಪಿನ ಸ್ವಭಾವದಲ್ಲಿದೆ. ಅಯಸ್ಕಾಂತದ ಸುತ್ತ ಬಹು ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿ ಮಾಡಿದ ಸುರುಳಿಯೇ ಪಿಕಪ್. ಅದರ ಮೇಲೆ ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಅಲುಗಾಡಿ, ಫ್ಯಾರಡೆ ಕಂಡುಹಿಡಿದ ನಿಯಮದಂತೆ ಸುರುಳಿಯಲ್ಲಿ ಸಣ್ಣ ವೋಲ್ಟೇಜು ಹುಟ್ಟುತ್ತದೆ. ಒಂದೇ ಸುರುಳಿಯ ಪಿಕಪ್ಪಿನ ರೋಧ 6ರಿಂದ 8 ಕಿಲೋಓಮ್ ಇರುತ್ತದೆಯಾದರೂ ಅದರ ಪ್ರೇರಕತ್ವ, ಅಂದರೆ ವಿದ್ಯುತ್ತಿನ ಏರಿಳಿತವನ್ನು ತಡೆಯುವ ಗುಣ, ಎರಡು ಮೂರು ಹೆನ್ರಿಗಳಷ್ಟಿರುವುದರಿಂದ, ಸ್ವರ ಏರಿದಂತೆಲ್ಲ ಪಿಕಪ್ಪಿನ ಒಳತಡೆಯೂ ಏರುತ್ತ ಹೋಗುತ್ತದೆ. ವಯರಿನ ಧಾರಕತೆಯೊಡನೆ ಸೇರಿ ಈ ಸುರುಳಿ ಕೆಲವು ಸಾವಿರ ಹರ್ಟ್ಸ್‌ಗಳ ಹತ್ತಿರ ಒಂದು ಅನುರಣನವನ್ನು ಪಡೆಯುತ್ತದೆ. ಗಿಟಾರಿನ ದನಿಗೆ ಮಿಂಚು ಬರುವುದು ಇದರಿಂದಲೇ. ಎಲ್‌ಎಂ386ರ ಒಳದಾರಿಯ ತಡೆ 50 ಕಿಲೋಓಮ್ ಮಾತ್ರ. ಸಣ್ಣ ಒರತೆಯ ಬಾವಿಗೆ ದೊಡ್ಡ ಪಂಪು ಕೂರಿಸಿದಂತೆ, ಇಷ್ಟು ಕಡಿಮೆ ತಡೆಯ ಸರ್ಕ್ಯೂಟು ಪಿಕಪ್ಪಿನಿಂದ ಅದು ಕೊಡಲಾರದಷ್ಟು ವಿದ್ಯುತ್ತನ್ನು ಎಳೆಯತೊಡಗುತ್ತದೆ, ಅನುರಣನ ಕುಸಿಯುತ್ತದೆ, ಮೇಲಿನ ಸ್ವರಾಂಶಗಳು ಸಾಯುತ್ತವೆ.

ಇದಕ್ಕೆ ಪರಿಹಾರ, ಐಸಿಗಿಂತ ಮೊದಲು ಒಂದು ಜೆಫೆಟ್ ಅನ್ನು ನಿಲ್ಲಿಸುವುದು. ಜೆಫೆಟ್ ಎಂಬುದು ಮೂರು ತುದಿಗಳ ಟ್ರಾನ್ಸಿಸ್ಟರ್ ಜಾತಿಗೆ ಸೇರಿದ ಸಾಧನ; ಅದರ ಗೇಟ್ ಎಂಬ ತುದಿ ವೋಲ್ಟೇಜನ್ನು ಗ್ರಹಿಸುತ್ತದೆಯೇ ಹೊರತು ವಿದ್ಯುತ್ತನ್ನು ಹೆಚ್ಚುಕಡಿಮೆ ಎಳೆಯುವುದೇ ಇಲ್ಲ. ಎಂಪಿಎಫ್102 ಆಗಲಿ, ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಚಿರಪರಿಚಿತವಾದ ಬಿಎಫ್‌ಡಬ್ಲ್ಯು10 ಆಗಲಿ ಇಲ್ಲಿಗೆ ಹೊಂದುತ್ತದೆ. ಎರಡನೆಯದಕ್ಕೆ ಲೋಹದ ಕವಚಕ್ಕೆ ಸೇರಿದ ನಾಲ್ಕನೆಯ ಕಾಲೊಂದಿದ್ದು ಅದನ್ನು ಗ್ರೌಂಡಿಗೆ ಸೇರಿಸಬೇಕು. ಗಿಟಾರಿನ ಸಂಕೇತವನ್ನು 0.047 ಮೈಕ್ರೋಫ್ಯಾರಡ್ ಕೆಪಾಸಿಟರಿನ ಮೂಲಕ ಗೇಟಿಗೆ ತಂದು, ಗೇಟಿನಿಂದ ಗ್ರೌಂಡಿಗೆ, ಅಂದರೆ ಸರ್ಕ್ಯೂಟಿನ ಶೂನ್ಯ ವೋಲ್ಟಿನ ಸಾಮಾನ್ಯ ದಾರಿಗೆ, 1 ಮೆಗಾಓಮ್ ರೆಸಿಸ್ಟರನ್ನು ಹಾಕಿ, ಡ್ರೇನ್ ತುದಿಯನ್ನು 9 ವೋಲ್ಟಿಗೆ ಸೇರಿಸಿ, ಸೋರ್ಸ್ ತುದಿಯಿಂದ ಗ್ರೌಂಡಿಗೆ 3.9 ಕಿಲೋಓಮ್ ರೆಸಿಸ್ಟರನ್ನು ಹಾಕಿದರೆ ಈ ಹಂತ ಮುಗಿಯಿತು. ಇದು ಸಂಕೇತವನ್ನು ದೊಡ್ಡದು ಮಾಡುವುದಿಲ್ಲ. ಪಿಕಪ್ಪಿಗೆ ಹೊರೆಯಾಗದೆ ಅದರ ಮಾತನ್ನು ಐಸಿಗೆ ತಲುಪಿಸುತ್ತದೆ. ನಾಲ್ಕೇ ಬಿಡಿಭಾಗಗಳ ಈ ಹಂತವನ್ನು ಬಿಟ್ಟುಬಿಡುವ ನಕ್ಷೆಗಳು ಬಹಳ ಇವೆ. ಅವುಗಳನ್ನು ಅನುಸರಿಸದಿರುವುದು ಒಳ್ಳೆಯದು. ವೀಣೆಗೋ ಪಿಟೀಲಿಗೋ ಅಂಟಿಸುವ ಪೀಜೋ ಕಾಂಟ್ಯಾಕ್ಟ್ ಮೈಕಿಗೂ ಇದೇ ಹಂತ ಬೇಕು, ಆದರೆ ಬೇರೆ ಕಾರಣಕ್ಕೆ: ಪೀಜೋ ಹರಳು ಕೆಪಾಸಿಟರಿನಂತೆ ವರ್ತಿಸುವುದರಿಂದ, ಕಡಿಮೆ ತಡೆಗೆ ಜೋಡಿಸಿದಾಗ ಅದರಲ್ಲಿ ಮಂದ್ರಸ್ಥಾಯಿಯ ನಾದವೇ ತೆಳುವಾಗಿಬಿಡುತ್ತದೆ. ಮನೆಯಲ್ಲಿ ಗಿಟಾರಿನ ಜೊತೆಗೆ ವೀಣೆಯೂ ಇದ್ದರೆ ಒಂದೇ ಪೆಟ್ಟಿಗೆ ಎರಡಕ್ಕೂ ಆಗುತ್ತದೆ.

ಜೆಫೆಟ್‌ನ ಸೋರ್ಸ್ ತುದಿಯಿಂದ 1 ಮೈಕ್ರೋಫ್ಯಾರಡ್ ಕೆಪಾಸಿಟರಿನ ಮೂಲಕ 10 ಕಿಲೋಓಮ್ ವಾಲ್ಯೂಮ್ ಕಂಟ್ರೋಲಿಗೂ, ಅದರ ನಡುವಿನ ಕಾಲಿನಿಂದ ಐಸಿಯ 3ನೇ ಪಿನ್ನಿಗೂ ಸಂಕೇತ ಹೋಗುತ್ತದೆ. 2 ಮತ್ತು 4ನೇ ಪಿನ್ನುಗಳು ಗ್ರೌಂಡಿಗೆ, 6ನೆಯದು 9 ವೋಲ್ಟಿಗೆ, 5ನೆಯದು 220 ಮೈಕ್ರೋಫ್ಯಾರಡ್ ಕೆಪಾಸಿಟರಿನ ಮೂಲಕ ಸ್ಪೀಕರಿಗೆ. ಈ ಕೊನೆಯ ಕೆಪಾಸಿಟರು 8 ಓಮ್ ಸ್ಪೀಕರಿನೊಡನೆ ಸುಮಾರು 90 ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳನ್ನು ಕ್ರಮೇಣ ತಗ್ಗಿಸುತ್ತದೆ. ಗಿಟಾರಿನ ಅತ್ಯಂತ ಕೆಳಗಿನ ತಂತಿಯ ಸ್ವರ 82 ಹರ್ಟ್ಸ್ ಆದ್ದರಿಂದ ಇದು ಸರಿಯಾದ ಎಲ್ಲೆ. 5ನೇ ಪಿನ್ನಿನಿಂದ ಗ್ರೌಂಡಿಗೆ 10 ಓಮ್ ರೆಸಿಸ್ಟರನ್ನೂ 0.047 ಮೈಕ್ರೋಫ್ಯಾರಡ್ ಕೆಪಾಸಿಟರನ್ನೂ ಒಂದರ ಹಿಂದೊಂದು ಜೋಡಿಸಬೇಕು. ಇವಿಲ್ಲದಿದ್ದರೆ ಐಸಿ ಕಿವಿಗೆ ಕೇಳದಷ್ಟು ಎತ್ತರದ ಕಂಪನಕ್ಕೆ ತಾನೇ ಬಿದ್ದು ಬಿಸಿಯಾಗಬಹುದು. 7ನೇ ಪಿನ್ನಿನಿಂದ ಗ್ರೌಂಡಿಗೆ 10 ಮೈಕ್ರೋಫ್ಯಾರಡ್, 6ನೇ ಪಿನ್ನಿನ ಬುಡದಲ್ಲೇ 100 ಮೈಕ್ರೋಫ್ಯಾರಡ್ ಮತ್ತು 0.1 ಮೈಕ್ರೋಫ್ಯಾರಡ್ ಕೆಪಾಸಿಟರುಗಳಿದ್ದರೆ ಬ್ಯಾಟರಿಯ ದಾರಿಯಲ್ಲಿ ಬರುವ ಗದ್ದಲ ಅಡಗುತ್ತದೆ.

1 ಮತ್ತು 8ನೇ ಪಿನ್ನುಗಳಲ್ಲಿ ಈ ಐಸಿಯ ಸ್ವಾರಸ್ಯವಿದೆ. ಅವುಗಳ ನಡುವೆ ಏನೂ ಇಲ್ಲದಿದ್ದರೆ ಐಸಿ ಸಂಕೇತವನ್ನು 20 ಪಟ್ಟು ಹಿಗ್ಗಿಸುತ್ತದೆ. 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಟ್ಟರೆ 200 ಪಟ್ಟು. ಕೆಪಾಸಿಟರಿನ ಜೊತೆಗೆ 1 ಕಿಲೋಓಮ್ ಕಂಟ್ರೋಲನ್ನು ಸೇರಿಸಿದರೆ ಸುಮಾರು 40ರಿಂದ 200ರವರೆಗೆ ಬೆರಳಿನಿಂದಲೇ ಬದಲಾಯಿಸಿಕೊಳ್ಳಬಹುದು. 9 ವೋಲ್ಟಿನಲ್ಲಿ ಐಸಿಯ ಹೊರದಾರಿ ಮೇಲಕ್ಕೂ ಕೆಳಕ್ಕೂ ಸುಮಾರು 3 ವೋಲ್ಟಿನಷ್ಟೇ ತೂಗಬಲ್ಲದಾದ್ದರಿಂದ, 200 ಪಟ್ಟು ಹಿಗ್ಗಿಸುವಾಗ ಒಳಗೆ ಬರುವ ಸಂಕೇತ 15 ಮಿಲಿವೋಲ್ಟ್ ದಾಟಿದ ಕೂಡಲೇ ಅಲೆಯ ನೆತ್ತಿ ಕತ್ತರಿಸಿಹೋಗುತ್ತದೆ. ತಂತಿಯನ್ನು ಜೋರಾಗಿ ಮೀಟಿದಾಗ ಪಿಕಪ್ಪು ನೂರಾರು ಮಿಲಿವೋಲ್ಟ್ ಕೊಡುವುದರಿಂದ ಹಾಗೆ ಕತ್ತರಿಸಿಹೋಗುವುದು ಖಂಡಿತ. ಸಂಗೀತದ ಬೇರೆ ಬಹುತೇಕ ಆಂಪ್ಲಿಫೈಯರುಗಳಲ್ಲಿ ಇದು ದೋಷ; ಗಿಟಾರಿನಲ್ಲಿ ಅದು ದನಿಯ ಒಂದು ಬಣ್ಣ. ಕತ್ತರಿಸಿದ ಅಲೆಯಲ್ಲಿ ಮೂಲ ಸ್ವರದ ಎರಡರಷ್ಟು, ಮೂರರಷ್ಟು, ಐದರಷ್ಟು ಕಂಪನದ ಹೊಸ ಸ್ವರಾಂಶಗಳು ಹುಟ್ಟುತ್ತವೆ, ಸ್ವರ ಬೇಗ ಕರಗದೆ ನಿಲ್ಲುತ್ತದೆ, ರಾಕ್ ಸಂಗೀತಕ್ಕೆ ಬೇಕಾದ ಗರಗರ ದನಿ ಸಿದ್ಧವಾಗುತ್ತದೆ. ದೊಡ್ಡ ಆಂಪ್ಲಿಫೈಯರಿನ ಕೊನೆಯ ಹಂತವನ್ನು ಈ ಸ್ಥಿತಿಗೆ ತರಲು ಮನೆಯ ಕಿಟಕಿಗಳು ನಡುಗಬೇಕು. ಅರ್ಧ ವಾಟಿನದು ಮನೆಗೆ ತಕ್ಕ ಸದ್ದಿನಲ್ಲಿಯೇ ಅಲ್ಲಿಗೆ ತಲುಪುತ್ತದೆ. ಆದರೂ ಕಲಿಯುವವರು ಸಾಧನೆಯ ಗಂಟೆಗಳ ಬಹುಪಾಲು ಶುದ್ಧ ದನಿಯಲ್ಲೇ ನುಡಿಸಬೇಕು, ಏಕೆಂದರೆ ಕತ್ತರಿಸಿದ ದನಿ ಗಟ್ಟಿ ಮೀಟನ್ನೂ ಮೆಲು ಮೀಟನ್ನೂ ಒಂದೇ ಮಟ್ಟಕ್ಕೆ ತಂದು ಬೆರಳಿನ ತಪ್ಪುಗಳನ್ನು ಮುಚ್ಚಿಹಾಕುತ್ತದೆ.

ವಿದ್ಯುತ್ ಪೂರೈಕೆಯ ವಿಷಯ ಸರಳ. ಚೌಕಾಕಾರದ 9 ವೋಲ್ಟಿನ ಬ್ಯಾಟರಿ ಪ್ರಯೋಗಕ್ಕೆ ಸರಿ, ನಿತ್ಯದ ಬಳಕೆಗೆ ದುಬಾರಿ. ಗಟ್ಟಿಯಾಗಿ ನುಡಿಸುವಾಗ ಐಸಿ ನೂರು ಮಿಲಿಆಂಪಿಯರಿನ ಹತ್ತಿರ ಎಳೆಯುವುದರಿಂದ ಅದು ಕೆಲವೇ ಗಂಟೆಗಳಲ್ಲಿ ಸೊರಗುತ್ತದೆ. ಟಾರ್ಚಿಗೆ ಹಾಕುವ ಆರು ಪೆನ್ಸಿಲ್ ಸೆಲ್ಲುಗಳನ್ನು ಹೋಲ್ಡರಿನಲ್ಲಿ ಸಾಲಾಗಿ ಜೋಡಿಸಿದರೆ ಅದೇ 9 ವೋಲ್ಟು ಹಲವು ಪಟ್ಟು ಹೆಚ್ಚು ಕಾಲ ಬರುತ್ತದೆ. ಅಡಾಪ್ಟರು ಬಳಸುವವರು ಅದರ ವೋಲ್ಟೇಜು 12ನ್ನು ಮೀರದಂತೆ ನೋಡಿಕೊಂಡು, ತಿರುವುಮುರುವಾಗಿ ಜೋಡಿಸಿದರೂ ಐಸಿ ಸುಡದಂತೆ 1ಎನ್4007 ಡಯೋಡನ್ನು ದಾರಿಯಲ್ಲಿ ಇಡಬೇಕು. ಗಿಟಾರಿನ ಜಾಕಿಗೆ ಸ್ಟೀರಿಯೊ ಸಾಕೆಟ್ ಹಾಕಿ, ಬ್ಯಾಟರಿಯ ಋಣ ತುದಿಯನ್ನು ಅದರ ನಡುವಿನ ಸಂಪರ್ಕಕ್ಕೆ ಕೊಟ್ಟರೆ, ಗಿಟಾರಿನ ವಯರು ಸಿಕ್ಕಿಸಿದಾಗ ಮಾತ್ರ ಆಂಪ್ಲಿಫೈಯರು ಚಾಲೂ ಆಗುತ್ತದೆ. ಸ್ವಿಚ್ ಆರಿಸಲು ಮರೆತು ಬ್ಯಾಟರಿ ಖಾಲಿಯಾಗುವುದು ತಪ್ಪುತ್ತದೆ.

ಸ್ಪೀಕರಿನ ಆಯ್ಕೆಯಲ್ಲಿ ಜಿಪುಣತನ ಸಲ್ಲದು. 6 ಅಂಗುಲಕ್ಕಿಂತ ಚಿಕ್ಕದನ್ನು ಕೊಳ್ಳದಿರುವುದು, 8 ಅಥವಾ 10 ಅಂಗುಲದ, ಗಿಟಾರಿಗೆಂದು ಮಾಡಿದ ಸ್ಪೀಕರು ಸಿಕ್ಕರೆ ಅದನ್ನೇ ಕೊಳ್ಳುವುದು ಲೇಸು. ಇಂಥ ಸ್ಪೀಕರುಗಳ ದನಿ ಸುಮಾರು 5,000 ಹರ್ಟ್ಸ್‌ಗಿಂತ ಮೇಲೆ ತಾನಾಗಿ ಇಳಿದುಹೋಗುತ್ತದೆ. ಕತ್ತರಿಸಿದ ಅಲೆಯ ಚುಚ್ಚುವ ಅಂಶಗಳು ಅಲ್ಲಿಯೇ ಸೋಸಿಹೋಗುತ್ತವೆ. ಟ್ವೀಟರ್ ಇರುವ ಹೈ-ಫೈ ಸ್ಪೀಕರು ಆ ಅಂಶಗಳನ್ನೆಲ್ಲ ನಿಷ್ಠೆಯಿಂದ ಹೊರಗೆಡಹಿ ಕಿವಿ ಕೊರೆಯುವಂತೆ ಮಾಡುತ್ತದೆ. ಹಳೆಯ ಮರದ ರೇಡಿಯೊ ಪೆಟ್ಟಿಗೆಯೊಂದು ಅದರ ಸ್ಪೀಕರಿನ ಸಮೇತ ಮನೆಯಲ್ಲಿದ್ದರೆ ಅದಕ್ಕಿಂತ ಸೊಗಸಾದ ಆರಂಭವಿಲ್ಲ. ಇಲ್ಲವಾದರೆ 12 ಮಿಲಿಮೀಟರ್ ಪ್ಲೈವುಡ್ಡಿನಿಂದ, ಹಿಂಬದಿ ಅರ್ಧ ತೆರೆದಿರುವ ಪೆಟ್ಟಿಗೆ ಮಾಡಬಹುದು. ಪೂರ್ತಿ ಮುಚ್ಚಿದ ಪುಟ್ಟ ಡಬ್ಬಿಯಲ್ಲಿ ಒಳಗಿನ ಗಾಳಿ ಸ್ಪೀಕರಿನ ಕಾಗದವನ್ನು ಬಿಗಿಹಿಡಿದು ದನಿಯನ್ನು ಮೂಗಿನದಾಗಿಸುತ್ತದೆ. ಚಿಕ್ಕ ಸ್ಪೀಕರೇ ಗತಿಯಾದರೆ, ಜೆಫೆಟ್ ಮತ್ತು ವಾಲ್ಯೂಮ್ ಕಂಟ್ರೋಲಿನ ನಡುವಿನ 1 ಮೈಕ್ರೋಫ್ಯಾರಡ್ ಕೆಪಾಸಿಟರಿನ ಬದಲು 0.1ರದ್ದನ್ನು ಹಾಕಬೇಕು, ಅದು ನುಡಿಸಲಾಗದ ಮಂದ್ರ ಸ್ವರಗಳನ್ನು ಮೊದಲೇ ತಡೆದರೆ ಉಳಿದ ಸ್ವರಗಳು ನಿಚ್ಚಳವಾಗುತ್ತವೆ.

ಇಡೀ ಸರ್ಕ್ಯೂಟನ್ನು ಮೊದಲು ಬ್ರೆಡ್‌ಬೋರ್ಡಿನ ಮೇಲೆ, ಬೆಸುಗೆಯಿಲ್ಲದೆ ಜೋಡಿಸಿ ನೋಡುವುದು ಕ್ರಮ. ವಿದ್ಯುತ್ತು ಕೊಟ್ಟ ಮೇಲೆ ಮಲ್ಟಿಮೀಟರಿನಲ್ಲಿ 5ನೇ ಪಿನ್ನಿನ ವೋಲ್ಟೇಜು ಬ್ಯಾಟರಿಯ ಸುಮಾರು ಅರ್ಧ, ಅಂದರೆ 4.5 ವೋಲ್ಟಿನ ಹತ್ತಿರ ಇದ್ದರೆ ಐಸಿ ನೆಟ್ಟಗಿದೆ ಎಂದೇ ಅರ್ಥ. ಶೂನ್ಯವನ್ನೋ ಪೂರ್ತಿ 9 ವೋಲ್ಟನ್ನೋ ತೋರಿಸಿದರೆ ತಪ್ಪು ಜೋಡಣೆಯನ್ನು ಹುಡುಕಬೇಕು. ಬಳಿಕ ತಾಮ್ರದ ಪಟ್ಟಿಗಳಿರುವ ವೆರೋಬೋರ್ಡಿಗೆ ವರ್ಗಾಯಿಸುವಾಗ ಐಸಿಯನ್ನು ನೇರವಾಗಿ ಬೆಸೆಯದೆ ಸಾಕೆಟ್ ಬೆಸೆದು ಅದರಲ್ಲಿ ಕೂರಿಸಬೇಕು, ಬೆಸುಗೆಯ ಹೊಗೆ ಹೊರಹೋಗಲು ಕೋಣೆಯ ಕಿಟಕಿ ತೆರೆದಿರಬೇಕು. ಗ್ರೌಂಡಿನ ಜೋಡಣೆ ಎಚ್ಚರ ಬೇಡುವ ಕೆಲಸ: ಸ್ಪೀಕರಿನಿಂದ ಮರಳುವ ದೊಡ್ಡ ವಿದ್ಯುತ್ತೂ ಗಿಟಾರಿನ ಸಣ್ಣ ಸಂಕೇತವೂ ಒಂದೇ ತೆಳು ದಾರಿಯನ್ನು ಹಂಚಿಕೊಂಡರೆ ಹೊರಗಿನದು ಒಳಕ್ಕೆ ನುಸುಳಿ ಆಂಪ್ಲಿಫೈಯರು ತಾನೇ ಊಳಿಡತೊಡಗುತ್ತದೆ. ಎಲ್ಲ ಗ್ರೌಂಡ್ ವಯರುಗಳನ್ನೂ ಬೇರೆ ಬೇರೆಯಾಗಿ ತಂದು ಒಂದೇ ಬಿಂದುವಿನಲ್ಲಿ ಸೇರಿಸಿದರೆ ಈ ತೊಂದರೆಯಿಲ್ಲ. ಜಾಕಿನಿಂದ ಜೆಫೆಟ್‌ವರೆಗೆ ಹೆಣೆದ ಲೋಹದ ಹೊದಿಕೆಯುಳ್ಳ ಶೀಲ್ಡ್ ವಯರನ್ನೇ ಬಳಸಬೇಕು. ಹೊದಿಕೆಯಿಲ್ಲದ ಉದ್ದನೆಯ ವಯರು ಮನೆಯ ವಿದ್ಯುತ್ತಿನ 50 ಹರ್ಟ್ಸ್ ಗುಂಯ್‌ಗುಡುವಿಕೆಯನ್ನು ಹಿಡಿದು ತರುವುದಲ್ಲದೆ, ಆಕಾಶವಾಣಿಯ ಮೀಡಿಯಂ ವೇವ್ ಪ್ರಸಾರಕ ಹತ್ತಿರದಲ್ಲಿದ್ದರೆ ಅದರ ಕಾರ್ಯಕ್ರಮವನ್ನೂ ಸ್ಪೀಕರಿನಲ್ಲಿ ಕೇಳಿಸಬಲ್ಲದು. ಗೇಟಿನಿಂದ ಗ್ರೌಂಡಿಗೆ 100 ಪಿಕೋಫ್ಯಾರಡ್ ಕೆಪಾಸಿಟರೊಂದನ್ನು ಹಾಕಿದರೆ ಬಾನುಲಿ ಹಿಂದೆ ಸರಿದು ಗಿಟಾರಿಗೆ ದಾರಿ ಬಿಡುತ್ತದೆ.

ಈ ಬಿಡಿಭಾಗಗಳಲ್ಲಿ ಅಪರೂಪದ್ದು ಯಾವುದೂ ಇಲ್ಲ, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಇವೆಲ್ಲವನ್ನೂ ಒಂದೇ ಮಧ್ಯಾಹ್ನದಲ್ಲಿ ಆರಿಸಿ ತರಬಹುದು. ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1954ರಲ್ಲಿ ಸ್ಥಾಪನೆಯಾಗಿ, ಮುಂದೆ ದೇಶದ ರೇಡಿಯೊಗಳಿಗೆ ವಾಲ್ವುಗಳನ್ನೂ ಟ್ರಾನ್ಸಿಸ್ಟರುಗಳನ್ನೂ ತಯಾರಿಸಿಕೊಟ್ಟ ಊರು ಇದು. ಇಲ್ಲಿ ಎಲೆಕ್ಟ್ರಾನಿಕ್ಸ್ ಕಲಿಯುವವರಿಗೂ ಕೊರತೆಯಿಲ್ಲ, ಗಿಟಾರು ಕಲಿಯುವವರಿಗೂ ಕೊರತೆಯಿಲ್ಲ. ಆದರೆ ಕಾಲೇಜಿನ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳು ಬಿಎಫ್‌ಡಬ್ಲ್ಯು10ಕ್ಕೆ ವೋಲ್ಟೇಜು ಕೊಟ್ಟು, ಅಂಕಿಗಳನ್ನು ಬರೆದು, ಗ್ರಾಫಿನ ಮೇಲೆ ಗೆರೆ ಎಳೆದು ಪ್ರಯೋಗವನ್ನು ಮುಗಿಸಿಬಿಡುತ್ತಾರೆ. ಅದೇ ಮೇಜಿನ ಮೇಲೆ ಇನ್ನೊಂದು ಹತ್ತು ಹನ್ನೆರಡು ಬಿಡಿಭಾಗಗಳನ್ನು ಇಟ್ಟು, ಒಂದು ಸ್ಪೀಕರನ್ನು ಜೋಡಿಸಿ, ಗಿಟಾರನ್ನೋ ವೀಣೆಯನ್ನೋ ತಂದು ನುಡಿಸಿ ಕೇಳಲು ಅಧ್ಯಾಪಕರು ಅವರಿಗೆ ಒಂದು ತರಗತಿಯ ಅವಕಾಶ ಮಾಡಿಕೊಡಬೇಕು.